ಹದಿನೈದು ತಿಂಗಳು ಹಾರಿದ ಏರ್ ಪೆಗಾಸಸ್: ಚಿಕ್ಕ ವಿಮಾನ ಸಂಸ್ಥೆಗಳು ಬೇಗ ನೆಲಕಚ್ಚುವುದೇಕೆ?

ಶಿವಮೊಗ್ಗದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು ಅದೇ ವರ್ಷದ ಆಗಸ್ಟ್ 31ರಂದು. ಅಲ್ಲಿಂದೀಚೆಗೆ ಮಲೆನಾಡಿನ ಮಾತುಕತೆಯಲ್ಲಿ ಅಡಿಕೆ ಧಾರಣೆ ಮತ್ತು ಮಳೆಯ ಜೊತೆಗೆ ವಿಮಾನದ ವೇಳಾಪಟ್ಟಿಯೂ ಒಂದು ವಿಷಯವಾಗಿದೆ. ಹೊಸ ಊರಿಗೆ ವಿಮಾನ ಆರಂಭವಾಗುತ್ತದೆ ಎಂಬ ಸುದ್ದಿ ಬಂದಾಗ ಸಂಭ್ರಮವೂ, ಒಂದು ಹಾರಾಟ ರದ್ದಾದಾಗ "ಇದೂ ನಿಂತುಹೋಗುತ್ತದೆಯೇ?" ಎಂಬ ಅನುಮಾನವೂ ಒಟ್ಟಿಗೇ ಹುಟ್ಟುತ್ತವೆ. ಈ ಅನುಮಾನ ಆಧಾರವಿಲ್ಲದ್ದೇನಲ್ಲ. ದಕ್ಷಿಣ ಭಾರತದಲ್ಲಿ ಕಳೆದ ಎರಡು ದಶಕಗಳಲ್ಲಿ ಪ್ಯಾರಾಮೌಂಟ್, ಏರ್ ಕೋಸ್ಟಾ, ಟ್ರೂಜೆಟ್ ಮೊದಲಾದ ಪ್ರಾದೇಶಿಕ ವಿಮಾನ ಸಂಸ್ಥೆಗಳು ಆರಂಭವಾಗಿ, ಕೆಲವು ವರ್ಷ ನಡೆದು, ಮುಚ್ಚಿಹೋಗಿವೆ. ಇಂತಹ ಅಲ್ಪಾಯುಷಿ ಸಂಸ್ಥೆಗಳಲ್ಲಿ ಒಂದು ನಮ್ಮದೇ ಬೆಂಗಳೂರಿನ ಏರ್ ಪೆಗಾಸಸ್. ಅದರ ಕತೆಯನ್ನು ಬಿಡಿಸಿ ನೋಡಿದರೆ ಈ ವ್ಯವಹಾರದ ಒಳಲೆಕ್ಕ ಬಹುಮಟ್ಟಿಗೆ ತಿಳಿಯುತ್ತದೆ.

ಪ್ರಾದೇಶಿಕ ವಿಮಾನ ಸಂಸ್ಥೆ ಎಂದರೇನು?

ನಿಗದಿತ ವೇಳಾಪಟ್ಟಿಯಂತೆ ಪ್ರಯಾಣಿಕರನ್ನು ಒಯ್ಯುವ ಯಾವುದೇ ಸಂಸ್ಥೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಪರವಾನಗಿ ಬೇಕು. ಇಡೀ ದೇಶದಲ್ಲಿ ಹಾರುವ ಸಂಸ್ಥೆಗಳದ್ದು ಒಂದು ವರ್ಗವಾದರೆ, ದೇಶದ ಒಂದು ಭಾಗವನ್ನು ನೆಲೆಯಾಗಿಟ್ಟುಕೊಂಡು ಮುಖ್ಯವಾಗಿ ಅಲ್ಲಿನ ಊರುಗಳ ನಡುವೆ ಹಾರುವ ಚಿಕ್ಕ ಸಂಸ್ಥೆಗಳದ್ದು ಇನ್ನೊಂದು ವರ್ಗ. ಈ ಎರಡನೆಯದನ್ನೇ ಪ್ರಾದೇಶಿಕ ವಿಮಾನ ಸಂಸ್ಥೆ ಎನ್ನುತ್ತಾರೆ.

ಇಂತಹ ಸಂಸ್ಥೆಗಳು ಹೆಚ್ಚಾಗಿ ಬಳಸುವುದು ಎಟಿಆರ್ 72 ಎಂಬ ವಿಮಾನವನ್ನು. ಫ್ರಾನ್ಸ್ ಮತ್ತು ಇಟಲಿಯ ಕಂಪನಿಗಳು ಜಂಟಿಯಾಗಿ ತಯಾರಿಸುವ ಈ ವಿಮಾನದ ರೆಕ್ಕೆಗಳು ಮೈಯ ಮೇಲ್ಭಾಗದಲ್ಲಿದ್ದು, ಎರಡೂ ಕಡೆ ಆರು ಅಲಗುಗಳ ದೊಡ್ಡ ಫ್ಯಾನುಗಳು ಹೊರಗೇ ಕಾಣುವಂತೆ ತಿರುಗುತ್ತವೆ. ಪ್ರಯಾಣಿಕರು ಹತ್ತುವುದು ಹಿಂದಿನ ಬಾಗಿಲಿನಿಂದ. ಮುಂದಿನ ಬಾಗಿಲು ಸಾಮಾನು ತುಂಬುವುದಕ್ಕೆ. ನಡುವಿನ ದಾರಿಯ ಆಚೆ ಈಚೆ ಎರಡೆರಡು ಸೀಟುಗಳಂತೆ ಸುಮಾರು 70 ಜನ ಕೂರಬಹುದು. ಜೆಟ್ ವಿಮಾನಕ್ಕಿಂತ ನಿಧಾನವಾದರೂ, ಹತ್ತಿರದ ಊರುಗಳಿಗೆ ಹೋಗುವಾಗ ಇದು ಕುಡಿಯುವ ಇಂಧನ ಬಹಳ ಕಡಿಮೆ.

ಎಟಿಆರ್ ಅನ್ನೇ ಆರಿಸಿಕೊಳ್ಳುವುದಕ್ಕೆ ಇನ್ನೆರಡು ಕಾರಣಗಳು ಕಾನೂನಿನಲ್ಲಿವೆ. 80ಕ್ಕಿಂತ ಕಡಿಮೆ ಸೀಟುಗಳಿರುವ ದೇಶೀಯ ವಿಮಾನಗಳಿಗೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ ಇಳಿಯುವ ಶುಲ್ಕದಿಂದ ವಿನಾಯಿತಿ ಸಿಕ್ಕಿತ್ತು. ಗರಿಷ್ಠ ತೂಕ 40,000 ಕೆ.ಜಿ.ಗಿಂತ ಕಡಿಮೆಯಿರುವ ವಿಮಾನಗಳು ಕೊಳ್ಳುವ ಇಂಧನವನ್ನು ಕೇಂದ್ರ ಮಾರಾಟ ತೆರಿಗೆ ಕಾಯ್ದೆಯ ವಿಶೇಷ ಪಟ್ಟಿಗೆ ಸೇರಿಸಿದ್ದರಿಂದ, ದೊಡ್ಡ ವಿಮಾನಗಳ ಇಂಧನಕ್ಕೆ ಕೆಲವು ರಾಜ್ಯಗಳು ಶೇ 25ಕ್ಕೂ ಹೆಚ್ಚು ತೆರಿಗೆ ಹಾಕುತ್ತಿದ್ದಾಗಲೂ ಇವುಗಳಿಗೆ ಶೇ 4ರಿಂದ 5ರ ಮಿತಿ ಇತ್ತು. ಇಷ್ಟೆಲ್ಲ ಅನುಕೂಲವಿದ್ದೂ ಸಂಸ್ಥೆಗಳು ಮುಚ್ಚಿಹೋದವು ಎಂಬುದನ್ನು ಮುಂದಿನ ಭಾಗ ಓದುವಾಗ ನೆನಪಿನಲ್ಲಿಟ್ಟುಕೊಳ್ಳಬೇಕು.

ಏರ್ ಪೆಗಾಸಸ್‌ನ ಏಳುಬೀಳು

ವಿಮಾನ ನಿಲ್ದಾಣಗಳಲ್ಲಿ ಸಾಮಾನು ಸಾಗಿಸುವ, ಏಣಿ ಹಚ್ಚುವ, ವಿಮಾನವನ್ನು ಮುಂದಿನ ಹಾರಾಟಕ್ಕೆ ಅಣಿಗೊಳಿಸುವ ಕೆಲಸವನ್ನು ನೆಲಸೇವೆ ಎನ್ನಬಹುದು. ಈ ಕೆಲಸದಲ್ಲಿದ್ದ ಡೆಕೋರ್ ಏವಿಯೇಷನ್ ಎಂಬ ಕಂಪನಿ ಏರ್ ಪೆಗಾಸಸ್ ಅನ್ನು ಆರಂಭಿಸಿತು. ಅದರ ಮೊದಲ ವಿಮಾನ 2015ರ ಏಪ್ರಿಲ್ 12ರಂದು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಹನ್ನೆರಡು ವರ್ಷ ಹಿಂದೆ, 2003ರ ಆಗಸ್ಟ್‌ನಲ್ಲಿ, ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಕೂಡ ಇದೇ ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದಲೇ ಸೇವೆ ಆರಂಭಿಸಿತ್ತು. ಬಸ್ಸಿನಲ್ಲಿ ರಾತ್ರಿಯಿಡೀ ಹಿಡಿಯುವ ದಾರಿಯನ್ನು ಒಂದು ಗಂಟೆಗೆ ಇಳಿಸಿದರೆ ಜನ ಹತ್ತಿಯೇ ಹತ್ತುತ್ತಾರೆ ಎಂಬ ಎಣಿಕೆ ಇಬ್ಬರದ್ದೂ ಆಗಿದ್ದಿರಬೇಕು.

ಏರ್ ಪೆಗಾಸಸ್ ಬಳಿ ಇದ್ದದ್ದು ಮೂರು ಎಟಿಆರ್ 72-500 ವಿಮಾನಗಳು, ಮೂರೂ ಬಾಡಿಗೆಯವು. ಹುಬ್ಬಳ್ಳಿಯ ನಂತರ ತಿರುವನಂತಪುರ, ಚೆನ್ನೈ ಮುಂತಾದ ಊರುಗಳು ಸೇರಿಕೊಂಡವು. 2015ರ ಜೂನ್‌ನಲ್ಲಿ ಆಂಧ್ರಪ್ರದೇಶದ ಕಡಪದಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದಾಗ ಅಲ್ಲಿಗೆ ಸೇವೆ ಒದಗಿಸಿದ್ದೂ ಇದೇ ಸಂಸ್ಥೆ. ಆದರೆ ವಿಮಾನಗಳ ಬಾಡಿಗೆ ಬಾಕಿಯ ವಿಚಾರದಲ್ಲಿ ಮಾಲೀಕ ಕಂಪನಿಗಳೊಂದಿಗೆ ವ್ಯಾಜ್ಯ ಹುಟ್ಟಿತು. 2016ರ ಜುಲೈ 27ರಂದು ಹಾರಾಟ ನಿಂತಿತು. ಸಂಸ್ಥೆ ಮತ್ತೆ ಸೇವೆ ಆರಂಭಿಸುವ ಮಾತಾಡುತ್ತಿದ್ದಂತೆಯೇ ಅದೇ ವರ್ಷದ ನವೆಂಬರ್‌ನಲ್ಲಿ ಡಿಜಿಸಿಎ ಪರವಾನಗಿಯನ್ನು ಅಮಾನತುಗೊಳಿಸಿತು. ಆರಂಭದಿಂದ ಅಂತ್ಯದವರೆಗೆ ಹಾರಿದ ಅವಧಿ ಹದಿನೈದು ತಿಂಗಳಿಗೆ ಸ್ವಲ್ಪ ಹೆಚ್ಚು.

ವಿಮಾನ ಸಂಸ್ಥೆ ಮುಚ್ಚಿದಾಗ ಸಾಮಾನ್ಯವಾಗಿ ಕೇಳಿಬರುವ ಮೊದಲ ಕಾರಣ ಇಂಧನದ ಬೆಲೆ. ಇಲ್ಲಿ ಆ ವಿವರಣೆ ಹೊಂದುವುದಿಲ್ಲ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ಕಚ್ಚಾ ತೈಲ, 2016ರ ಜನವರಿಯಲ್ಲಿ 30 ಡಾಲರ್‌ಗಿಂತಲೂ ಕೆಳಗಿಳಿದಿತ್ತು. ಇಂಧನ ಅಗ್ಗವಾಗಿದ್ದ ಕಾಲದಲ್ಲೇ ಹುಟ್ಟಿ, ಅಗ್ಗವಾಗಿದ್ದಾಗಲೇ ನಿಂತ ಸಂಸ್ಥೆಯಿದು. ಹಾಗಾದರೆ ತೊಡಕು ಎಲ್ಲಿತ್ತು ಎಂಬುದನ್ನು ಖರ್ಚಿನ ಸ್ವರೂಪದಲ್ಲಿ ಹುಡುಕಬೇಕಾಗುತ್ತದೆ.

ಹಾರಿದರೂ ಖರ್ಚು, ನಿಂತರೂ ಖರ್ಚು

ಕೊಪ್ಪದ ಸಹಕಾರ ಸಾರಿಗೆಯನ್ನು ಮಲೆನಾಡಿನವರು ಮರೆತಿರಲಾರರು. ಖಾಸಗಿ ಕಂಪನಿಯೊಂದರ ಕಾರ್ಮಿಕರೇ 1991ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ನಡೆಸಿದ ಆ ಬಸ್ಸುಗಳು 2020ರಲ್ಲಿ ನಿಂತವು. ಘಟ್ಟದ ದಾರಿಯ ಬಸ್ಸನ್ನು ನಡೆಸುವವರಿಗೆ ಎರಡು ಬಗೆಯ ಖರ್ಚುಗಳಿರುತ್ತವೆ. ಗಾಲಿ ತಿರುಗಿದರೆ ಮಾತ್ರ ಬೀಳುವ ಡೀಸೆಲ್, ಟೈರುಗಳ ಖರ್ಚು ಒಂದು. ಬಸ್ಸು ಮನೆ ಮುಂದೆ ನಿಂತಿದ್ದರೂ ಕಟ್ಟಲೇಬೇಕಾದ ಸಾಲದ ಕಂತು, ತೆರಿಗೆ, ವಿಮೆ ಇನ್ನೊಂದು. ಆಟಿ ತಿಂಗಳ ಮಳೆಗೆ ಜನ ಕಡಿಮೆಯಾದರೆ ಒಂದು ಟ್ರಿಪ್ಪು ಕೈಬಿಟ್ಟು ಡೀಸೆಲ್ ಉಳಿಸಬಹುದು, ಆದರೆ ಕಂತು ಉಳಿಯುವುದಿಲ್ಲ. ವಿಮಾನದಲ್ಲೂ ಇದೇ ಲೆಕ್ಕ ನಡೆಯುತ್ತದೆ; ವ್ಯತ್ಯಾಸವಿರುವುದು ಎರಡನೆಯ ಬಗೆಯ ಖರ್ಚು ಅಲ್ಲಿ ವಿಪರೀತ ದೊಡ್ಡದು ಎಂಬುದರಲ್ಲಿ. ವಿಮಾನದ ಬಾಡಿಗೆ, ಪೈಲಟ್‌ಗಳ ಮತ್ತು ಎಂಜಿನಿಯರ್‌ಗಳ ಸಂಬಳ, ವಿಮೆ, ತರಬೇತಿ, ನಿಲ್ದಾಣದಲ್ಲಿನ ಕೌಂಟರ್ ಬಾಡಿಗೆ, ಇವು ಯಾವುವೂ ಪ್ರಯಾಣಿಕರ ಸಂಖ್ಯೆಯನ್ನು ಕೇಳುವುದಿಲ್ಲ.

ತಿಳಿಯಾಗಲೆಂದು ಒಂದು ಕಲ್ಪಿತ ಲೆಕ್ಕ ಮಾಡಿ ನೋಡೋಣ. 70 ಸೀಟಿನ ವಿಮಾನದ ಒಂದು ಹಾರಾಟಕ್ಕೆ ಒಟ್ಟು ₹2 ಲಕ್ಷ ಖರ್ಚು ಎಂದಿಟ್ಟುಕೊಳ್ಳಿ. ಅದರಲ್ಲಿ ₹80 ಸಾವಿರ ಹಾರಿದರೆ ಮಾತ್ರ ಬೀಳುವ ಇಂಧನ ಮತ್ತಿತರ ಖರ್ಚು, ಉಳಿದ ₹1.2 ಲಕ್ಷ ಹಾರಿದರೂ ಹಾರದಿದ್ದರೂ ತೆರಬೇಕಾದದ್ದು. ತೆರಿಗೆ ಕಳೆದು ಸಂಸ್ಥೆಯ ಕೈಗೆ ಒಬ್ಬ ಪ್ರಯಾಣಿಕನಿಂದ ಸರಾಸರಿ ₹3,500 ಸಿಗುತ್ತದೆ. ಆಗ ನಷ್ಟವಿಲ್ಲದೆ ಹಾರಲು 58 ಜನ ಬೇಕು. 40 ಜನ ಬಂದರೆ ಸಿಗುವುದು ₹1.4 ಲಕ್ಷ, ನಷ್ಟ ₹60 ಸಾವಿರ. ಆದರೂ ಹಾರುವುದೇ ವಾಸಿ, ಏಕೆಂದರೆ ರದ್ದುಮಾಡಿದರೆ ನಷ್ಟ ₹1.2 ಲಕ್ಷ. 23 ಜನರಿಗಿಂತ ಕಡಿಮೆಯಾದಾಗ ಮಾತ್ರ, ಬರೀ ಹಣದ ದೃಷ್ಟಿಯಿಂದ, ನಿಲ್ಲಿಸುವುದು ಹಾರುವುದಕ್ಕಿಂತ ಅಗ್ಗ. ಅಂದರೆ 23ರಿಂದ 57ರವರೆಗಿನ ಅಷ್ಟೂ ಸಂಖ್ಯೆಗಳಲ್ಲಿ ವಿಮಾನ ನಷ್ಟದಲ್ಲೇ ಹಾರುತ್ತಿರುತ್ತದೆ. ಹೊರಗಿನಿಂದ ನೋಡುವವರಿಗೆ "ಅರ್ಧಕ್ಕಿಂತ ಹೆಚ್ಚು ತುಂಬಿತ್ತಲ್ಲ, ಆದರೂ ಏಕೆ ಮುಚ್ಚಿದರು?" ಎಂದೆನಿಸುವುದಕ್ಕೆ ಈ ದೊಡ್ಡ ನಡುಪ್ರದೇಶವೇ ಕಾರಣ.

ಟಿಕೆಟ್ ದರವನ್ನು ಏರಿಸಿದರಾಯಿತಲ್ಲ ಎಂದು ಕೇಳಬಹುದು. ಚಿಕ್ಕ ಊರಿನ ಮಾರ್ಗದಲ್ಲಿ ವಿಮಾನದ ಎದುರಾಳಿ ಇನ್ನೊಂದು ವಿಮಾನಕ್ಕಿಂತ ಹೆಚ್ಚಾಗಿ ರಾತ್ರಿಯ ಸ್ಲೀಪರ್ ಬಸ್ಸು ಮತ್ತು ರೈಲು. ದರ ಒಂದು ಮಟ್ಟ ದಾಟಿತೆಂದರೆ ಜನ ಸದ್ದಿಲ್ಲದೆ ಅತ್ತ ಸರಿಯುತ್ತಾರೆ.

ವಿಮಾನ ಯಾರದ್ದು?

ಬಹುಪಾಲು ವಿಮಾನ ಸಂಸ್ಥೆಗಳು ವಿಮಾನವನ್ನು ಕೊಳ್ಳುವುದಿಲ್ಲ. ಐರ್ಲೆಂಡ್ ಮುಂತಾದ ದೇಶಗಳಲ್ಲಿ ನೋಂದಾಯಿತವಾದ ಕಂಪನಿಗಳಿಂದ ಕೆಲವು ವರ್ಷಗಳ ಅವಧಿಗೆ ಲೀಸಿಗೆ ತರುತ್ತವೆ. ಬರೀ ವಿಮಾನವನ್ನಷ್ಟೇ ಪಡೆದು, ಪೈಲಟ್, ನಿರ್ವಹಣೆ, ವಿಮೆ ಎಲ್ಲವನ್ನೂ ತಾವೇ ನೋಡಿಕೊಳ್ಳುವುದು ಡ್ರೈ ಲೀಸ್. ಸಿಬ್ಬಂದಿ ಸಮೇತ ತರುವುದು ವೆಟ್ ಲೀಸ್. ಡ್ರೈ ಲೀಸಿನಲ್ಲಿ ಮುಂಗಡ ಠೇವಣಿ, ತಿಂಗಳ ಬಾಡಿಗೆಗಳಲ್ಲದೆ ಇನ್ನೊಂದು ಬಾಬ್ತು ಸೇರುತ್ತದೆ. ವಿಮಾನ ಹಾರಿದ ಪ್ರತಿ ಗಂಟೆಗೆ ಇಂತಿಷ್ಟು ಎಂದು, ಮುಂದೆ ಎಂಜಿನ್ ಬಿಚ್ಚಿ ಸರಿಪಡಿಸುವ ದೊಡ್ಡ ಕೆಲಸಕ್ಕಾಗಿ, ಮಾಲೀಕರ ಬಳಿ ಹಣ ಕಟ್ಟುತ್ತಾ ಹೋಗಬೇಕು. ಹೊಸ ಸಂಸ್ಥೆಯ ಮೇಲೆ ಮಾಲೀಕರಿಗೆ ನಂಬಿಕೆ ಕಡಿಮೆಯಾದ್ದರಿಂದ ಷರತ್ತುಗಳೂ ಬಿಗಿಯಾಗಿರುತ್ತವೆ.

ಇವೆಲ್ಲ ಡಾಲರ್ ಲೆಕ್ಕದಲ್ಲಿ ಕೊಡಬೇಕಾದವು, ಟಿಕೆಟ್ ಹಣ ಬರುವುದು ರೂಪಾಯಿಯಲ್ಲಿ. ಏರ್ ಪೆಗಾಸಸ್ ಆರಂಭವಾದಾಗ ಡಾಲರಿಗೆ ಸುಮಾರು ₹62 ಇತ್ತು. ನಿಲ್ಲುವ ಹೊತ್ತಿಗೆ ₹67ರ ಆಸುಪಾಸಿಗೆ ಬಂದಿತ್ತು. ಒಪ್ಪಂದದಲ್ಲಿ ಒಂದಕ್ಷರ ಬದಲಾಗದಿದ್ದರೂ ಇಂತಹ ಬಾಡಿಗೆ ರೂಪಾಯಿ ಲೆಕ್ಕದಲ್ಲಿ ಸುಮಾರು ಶೇ 8ರಷ್ಟು ಏರಿದಂತಾಯಿತು. ಲಾಭದ ಅಂಚು ಶೇ 2, 3ರಷ್ಟಿದ್ದರೇ ಹೆಚ್ಚು ಎನ್ನುವ ವ್ಯವಹಾರದಲ್ಲಿ ಇದು ಚಿಕ್ಕ ಮೊತ್ತವಲ್ಲ.

ಬಾಡಿಗೆ ತಪ್ಪಿದರೆ ಏನಾಗುತ್ತದೆ? ವಿಮಾನ ರೆಕ್ಕೆಯಿರುವ ಆಸ್ತಿ. ಒಂದು ದೇಶದಿಂದ ಇನ್ನೊಂದಕ್ಕೆ ಹಾರಿಬಿಡಬಲ್ಲದು. ಹಾಗಾಗಿ ಮಾಲೀಕರ ಹಕ್ಕನ್ನು ಕಾಯಲು 2001ರಲ್ಲಿ ಕೇಪ್‌ಟೌನ್ ಒಪ್ಪಂದ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ ರೂಪುಗೊಂಡಿತು. ಭಾರತ 2008ರಲ್ಲಿ ಅದನ್ನು ಸೇರಿತು. ವಿಮಾನವನ್ನು ಲೀಸಿಗೆ ಪಡೆಯುವಾಗಲೇ ಸಂಸ್ಥೆಯು "ಬಾಡಿಗೆ ತಪ್ಪಿದರೆ ಈ ವಿಮಾನದ ನೋಂದಣಿ ರದ್ದುಪಡಿಸಿ ಮಾಲೀಕರಿಗೆ ಒಯ್ಯಲು ಬಿಡಿ" ಎಂಬ, ಹಿಂಪಡೆಯಲಾಗದ ಅಧಿಕಾರಪತ್ರವೊಂದಕ್ಕೆ ಸಹಿ ಹಾಕಿ ಕೊಟ್ಟಿರುತ್ತದೆ. 2015ರಲ್ಲಿ ಭಾರತದ ವಿಮಾನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮಾಲೀಕರು ಈ ಪತ್ರದೊಂದಿಗೆ ಅರ್ಜಿ ಹಾಕಿದರೆ ಡಿಜಿಸಿಎ ಐದು ಕೆಲಸದ ದಿನಗಳಲ್ಲಿ ನೋಂದಣಿ ರದ್ದುಪಡಿಸಬೇಕು. 2023ರಲ್ಲಿ ಗೋ ಫಸ್ಟ್ ಸಂಸ್ಥೆ ದಿವಾಳಿ ಅರ್ಜಿ ಹಾಕಿದಾಗ ವಿಮಾನಗಳು ವರ್ಷವಿಡೀ ಕಾನೂನಿನ ತಡೆಯಲ್ಲಿ ಸಿಲುಕಿದ್ದರಿಂದ, 2025ರಲ್ಲಿ ಸಂಸತ್ತು ಮಾಲೀಕರ ಹಕ್ಕನ್ನು ಇನ್ನಷ್ಟು ಗಟ್ಟಿಗೊಳಿಸುವ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು.

ಈ ಕಾನೂನಿನಿಂದ ಸಂಸ್ಥೆಗಳಿಗೆ ವಿಮಾನ ಕಡಿಮೆ ಬಾಡಿಗೆಗೆ ಸಿಗಬಹುದೆಂಬುದು ಒಂದು ಮುಖ. ಇನ್ನೊಂದು ಮುಖವೆಂದರೆ, ಕೈಬಿಗಿಯಾದ ಚಿಕ್ಕ ಸಂಸ್ಥೆಗೆ ಸಾವರಿಸಿಕೊಳ್ಳಲು ಸಿಗುವ ಸಮಯ ವಾರಗಳ ಲೆಕ್ಕಕ್ಕೆ ಇಳಿಯುತ್ತದೆ.

ಮೂರೇ ವಿಮಾನಗಳಿದ್ದರೆ

ನೂರಾರು ವಿಮಾನಗಳಿರುವ ಸಂಸ್ಥೆಯಲ್ಲಿ ಒಂದು ಕೆಟ್ಟರೆ ಇನ್ನೊಂದನ್ನು ಎಳೆದು ತರಬಹುದು. ಮೂರೇ ಇರುವಲ್ಲಿ ಒಂದು ನಿಂತರೆ ವೇಳಾಪಟ್ಟಿಯ ಮೂರನೆಯ ಒಂದು ಭಾಗವೇ ಹೋದಂತೆ. ಪ್ರತಿ ವಿಮಾನವೂ ನಿಗದಿತ ಗಂಟೆಗಳ ನಂತರ ಕಡ್ಡಾಯ ತಪಾಸಣೆಗೆ ಹೋಗಲೇಬೇಕು. ಬಸ್ಸಿನ ಬಿಡಿಭಾಗ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಸಂಜೆಯೊಳಗೆ ಸಿಕ್ಕೀತು. ಎಟಿಆರ್‌ನ ಬಿಡಿಭಾಗ ಎಷ್ಟೋ ಸಲ ವಿದೇಶದಿಂದ ಬರಬೇಕು, ಬಂದದ್ದನ್ನು ಪ್ರಮಾಣೀಕೃತ ಎಂಜಿನಿಯರೇ ಕೂರಿಸಿ ಸಹಿ ಹಾಕಬೇಕು.

ಒಂದೇ ವಿಮಾನ ದಿನಕ್ಕೆ ಆರು, ಎಂಟು ಹಾರಾಟಗಳನ್ನು ಸರಪಳಿಯಂತೆ ಮಾಡುತ್ತಿರುತ್ತದೆ. ಬೆಳಗಿನ ಮೊದಲನೆಯದು ಎರಡು ಗಂಟೆ ತಡವಾದರೆ ಆ ತಡ ದಿನವಿಡೀ ಮುಂದಕ್ಕೆ ಹೋಗುತ್ತದೆ. ಪೈಲಟ್‌ಗಳ ಕೆಲಸದ ಅವಧಿ ಕಾನೂನಿನ ಮಿತಿ ಮುಟ್ಟಿದರೆ ಸಂಜೆಯ ಹಾರಾಟ ರದ್ದಾಗುತ್ತದೆ. ಸಂಜೆಯ ವಿಮಾನಕ್ಕೆ ಕಾದಿದ್ದವರು ಬೆಳಗ್ಗೆ ಇನ್ಯಾವುದೋ ಊರಿನಲ್ಲಿದ್ದ ಮಂಜನ್ನು ಕಂಡಿರುವುದಿಲ್ಲ, ಬೈಗುಳ ಮಾತ್ರ ಸಂಸ್ಥೆಗೆ. ಎರಡು ಸಲ ಹೀಗಾದರೆ ಮದುವೆಗೆ, ಕೋರ್ಟಿಗೆ, ಆಸ್ಪತ್ರೆಗೆ ಹೋಗಬೇಕಾದವರು ಮೂರನೆಯ ಸಲ ಬಸ್ಸಿನ ಟಿಕೆಟ್ಟನ್ನೇ ತೆಗೆಸುತ್ತಾರೆ. ಆದಾಯ ಇಳಿಯುತ್ತದೆ, ಬಾಕಿ ಬೆಳೆಯುತ್ತದೆ, ಸಾಲದ ಮೇಲೆ ಇಂಧನ ಕೊಡುತ್ತಿದ್ದವರು ನಗದು ಕೇಳತೊಡಗುತ್ತಾರೆ. ಇಂಧನ ಕಂಪನಿ ನಗದಿಗೆ ಪಟ್ಟು ಹಿಡಿಯಿತು ಎಂಬ ಸುದ್ದಿ ಹೊರಬಿದ್ದ ಮೇಲೆ ಚೇತರಿಸಿಕೊಳ್ಳುವುದು ಬಲು ಕಷ್ಟ. 2012ರ ಅಕ್ಟೋಬರ್‌ನಲ್ಲಿ ನಿಂತುಹೋದ ಕಿಂಗ್‌ಫಿಷರ್‌ನಂತಹ ದೊಡ್ಡ ಸಂಸ್ಥೆಗೂ ಅದು ಸಾಧ್ಯವಾಗಲಿಲ್ಲ.

ಉಡಾನ್ ಯೋಜನೆ ಇದ್ದಿದ್ದರೆ ಉಳಿಯುತ್ತಿತ್ತೇ?

ಏರ್ ಪೆಗಾಸಸ್ ನಿಂತು ಮೂರು ತಿಂಗಳೂ ಕಳೆದಿರಲಿಲ್ಲ, 2016ರ ಅಕ್ಟೋಬರ್ 21ರಂದು ಕೇಂದ್ರ ಸರ್ಕಾರ ಉಡಾನ್ ಯೋಜನೆಯನ್ನು ಪ್ರಕಟಿಸಿತು. ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ, ವಿಮಾನದ ಅರ್ಧದಷ್ಟು ಸೀಟುಗಳ ದರವನ್ನು ಆರಂಭದಲ್ಲಿ ₹2,500ಕ್ಕೆ ಮಿತಿಗೊಳಿಸಿ, ಅದರಿಂದ ಆಗುವ ಕೊರತೆಯನ್ನು ಸಂಸ್ಥೆಗೆ ತುಂಬಿಕೊಡುವುದು ಇದರ ತಿರುಳು. ಈ ಹಣದ ಬಹುಪಾಲು ದೊಡ್ಡ ನಗರಗಳ ನಡುವಿನ ಹಾರಾಟಗಳ ಮೇಲೆ ಹಾಕುವ ಸುಂಕದಿಂದ ಬರುತ್ತದೆ. ಒಂದು ಪಾಲನ್ನು ರಾಜ್ಯ ಸರ್ಕಾರ ಕೊಡುತ್ತದೆ. ನೆರವಿನ ಅವಧಿ ಮೂರು ವರ್ಷ. ಅಷ್ಟು ಕಾಲ ಆ ಮಾರ್ಗದಲ್ಲಿ ಯೋಜನೆಯಡಿ ಬೇರೆ ಸಂಸ್ಥೆಗೆ ಪ್ರವೇಶವಿಲ್ಲ.

ಇದರ ಫಲವನ್ನು ಕಡಪದಲ್ಲೇ ನೋಡಬಹುದು. ಪೆಗಾಸಸ್ ಕೈಬಿಟ್ಟ ಆ ಊರಿಗೆ 2017ರ ಏಪ್ರಿಲ್ 27ರಂದು, ಉಡಾನ್‌ನ ಮೊಟ್ಟಮೊದಲ ಹಾರಾಟಗಳ ಜೊತೆಯಲ್ಲೇ, ಟ್ರೂಜೆಟ್ ಹೈದರಾಬಾದಿನಿಂದ ಬಂತು. ಇದೇ ಸಂಸ್ಥೆ ನಮ್ಮ ಬಳ್ಳಾರಿಯ ವಿದ್ಯಾನಗರಕ್ಕೆ, 2020ರಿಂದ ಬೀದರ್‌ಗೆ ಸೇವೆ ಕೊಟ್ಟಿತು. ಕೋವಿಡ್‌ನ ಹೊಡೆತದ ನಂತರ 2022ರ ಫೆಬ್ರುವರಿಯಲ್ಲಿ ಅದೂ ನಿಂತಿತು. ಮುಂದಿನ ತಿಂಗಳೇ ಕಡಪಕ್ಕೆ ಇಂಡಿಗೋ ಕಾಲಿಟ್ಟಿತು. ಒಂದು ಊರು ಏಳು ವರ್ಷಗಳಲ್ಲಿ ಕಂಡ ಮೂರು ಸಂಸ್ಥೆಗಳಲ್ಲಿ ಉಳಿದದ್ದು ನೂರಾರು ವಿಮಾನಗಳಿರುವ ಒಂದೇ.

ಒಟ್ಟು ಯೋಜನೆಯ ಲೆಕ್ಕವನ್ನು ಮಹಾಲೇಖಪಾಲರ, ಅಂದರೆ ಸಿಎಜಿಯ, 2023ರ ವರದಿ ಕೊಡುತ್ತದೆ. ಯೋಜನೆಯ ಮೂರನೆಯ ಹಂತದವರೆಗೆ ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112; ನೆರವು ನಿಂತ ಮೇಲೂ 2023ರ ಮಾರ್ಚ್‌ವರೆಗೆ ನಡೆದುಕೊಂಡು ಬಂದದ್ದು 54 ಮಾತ್ರ. ನೆರವಿನಿಂದ ಖಾಲಿ ಸೀಟಿನ ನಷ್ಟ ತುಂಬೀತು. ಮೂರು ವರ್ಷಗಳಲ್ಲಿ ಆ ಊರಿನಲ್ಲಿ ವಿಮಾನ ಹತ್ತುವ ಅಭ್ಯಾಸ ಬೆಳೆಯದಿದ್ದರೆ ನಾಲ್ಕನೆಯ ವರ್ಷಕ್ಕೆ ಹಳೆಯ ಲೆಕ್ಕವೇ ಎದುರಾಗುತ್ತದೆ.

ಸೋಗಾನೆಗೆ ಇದು ಹೇಗೆ ಅನ್ವಯಿಸುತ್ತದೆ?

ಶಿವಮೊಗ್ಗದ ರನ್‌ವೇ 3,200 ಮೀಟರ್ ಉದ್ದವಿದೆ. ರಾಜ್ಯದಲ್ಲಿ ಬೆಂಗಳೂರಿನದ್ದನ್ನು ಬಿಟ್ಟರೆ ಇದೇ ಉದ್ದ. ಏರ್‌ಬಸ್ ಮಾದರಿಯ ಜೆಟ್ಟುಗಳೂ ಇಳಿಯಬಹುದೆಂಬ ಹೆಮ್ಮೆ ಸಹಜ. ಆದರೆ ಉದ್ದದ ರನ್‌ವೇ ದೊಡ್ಡ ವಿಮಾನಕ್ಕೆ ಜಾಗ ಕೊಡುತ್ತದೆಯೇ ಹೊರತು ಅದರ ಸೀಟುಗಳನ್ನು ತುಂಬಿಸಿಕೊಡುವುದಿಲ್ಲ. ಬೆಂಗಳೂರು ಮಾರ್ಗದಲ್ಲಿ ಮೊದಲು ಬಂದದ್ದು ಇಂಡಿಗೋದ ಎಟಿಆರ್. 2023ರ ನವೆಂಬರ್‌ನಲ್ಲಿ ಸ್ಟಾರ್ ಏರ್ ಸಂಸ್ಥೆ ಹೈದರಾಬಾದ್, ತಿರುಪತಿ, ಗೋವಾಗಳಿಗೆ ಉಡಾನ್ ನೆರವಿನಡಿ ಹಾರಾಟ ಆರಂಭಿಸಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಮಾರ್ಗಗಳ ನಡುವಿನ ಭೇದ. ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 300 ಕಿ.ಮೀ.; ಜನಶತಾಬ್ದಿ ರೈಲು ಐದು ಗಂಟೆಯೊಳಗೆ ತಲುಪಿಸುತ್ತದೆ. ದೇವನಹಳ್ಳಿಯಲ್ಲಿಳಿದು ನಗರದೊಳಗೆ ಸೇರುವ ಸಮಯವನ್ನು ಕೂಡಿಸಿದರೆ ವಿಮಾನದಿಂದ ಉಳಿಯುವ ಗಂಟೆಗಳು ಹೆಚ್ಚೇನಲ್ಲ. ಹೈದರಾಬಾದ್, ಚೆನ್ನೈಗಳಿಗೆ ಹಾಗಲ್ಲ. ಅಲ್ಲಿ ಉಳಿಯುವುದು ಒಂದಿಡೀ ರಾತ್ರಿ. ಆದ್ದರಿಂದ ದೂರದ ಮಾರ್ಗಕ್ಕೆ ಜನ ಹೆಚ್ಚು ಹಣ ಕೊಡಲು ಸಿದ್ಧರಿರುತ್ತಾರೆ, ಆದರೆ ಅಂಥವರ ಸಂಖ್ಯೆ ಕಡಿಮೆ. ಬೆಂಗಳೂರಿನ ವಿಮಾನಕ್ಕೆ, ಅಲ್ಲಿಂದ ದೆಹಲಿಗೋ ದುಬೈಗೋ ಮುಂದುವರಿಯುವ ಪ್ರಯಾಣಿಕರು ಆಸರೆ. ಒಂದೇ ಟಿಕೆಟ್ಟಿನಲ್ಲಿ ಮುಂದಿನ ವಿಮಾನವನ್ನೂ ಕೊಡಬಲ್ಲ ದೊಡ್ಡ ಸಂಸ್ಥೆಗೆ ಈ ಅನುಕೂಲ ಸಿಗುತ್ತದೆ, ಮೂರು ವಿಮಾನಗಳ ಸಂಸ್ಥೆಗೆ ಸಿಗುವುದಿಲ್ಲ.

ಮಲೆನಾಡಿನದ್ದೇ ಆದ ಇನ್ನೊಂದು ಅಂಶ ಹವೆ. ಚಳಿಗಾಲದ ಬೆಳಗಿನ ಮಂಜು, ಮಳೆಗಾಲದ ತಗ್ಗಿದ ಮೋಡಗಳು ಪೈಲಟ್‌ಗೆ ರನ್‌ವೇ ಕಾಣದಂತೆ ಮಾಡುತ್ತವೆ. ನಿಲ್ದಾಣ ಆರಂಭವಾದಾಗ ರಾತ್ರಿ ಇಳಿಯುವ ವ್ಯವಸ್ಥೆ ಇರಲಿಲ್ಲವಾದ್ದರಿಂದ, ಬೆಳಗ್ಗೆ ತಪ್ಪಿದ ಹಾರಾಟವನ್ನು ಕತ್ತಲಾದ ಮೇಲೆ ಸರಿದೂಗಿಸುವ ದಾರಿಯೂ ಇರಲಿಲ್ಲ. ಇಳಿದಾಣದ ದೀಪಗಳು ಮತ್ತು ಉಪಕರಣಗಳಿಗೆ ಹಾಕುವ ಹಣ ಹೊಸ ಮಾರ್ಗದ ಘೋಷಣೆಯಷ್ಟು ಸುದ್ದಿಯಾಗುವುದಿಲ್ಲ, ಆದರೆ ಮೇಲಿನ ಲೆಕ್ಕ ನೋಡಿದವರಿಗೆ ಅದರ ಬೆಲೆ ತಿಳಿಯುತ್ತದೆ.

ಸಂಸ್ಥೆ ನಿಂತರೆ ಟಿಕೆಟ್ ಹಣದ ಗತಿ

ಪ್ರಯಾಣಿಕರು ವಾರಗಳ ಮುಂಚೆ ಕೊಟ್ಟ ಟಿಕೆಟ್ ಹಣವನ್ನು ಸಂಸ್ಥೆಗಳು ಇಂದಿನ ಖರ್ಚಿಗೇ ಬಳಸಿಕೊಳ್ಳುತ್ತವೆ. ಒಂದು ಹಾರಾಟ ರದ್ದಾದರೆ ಪರ್ಯಾಯ ವಿಮಾನ ಅಥವಾ ಪೂರ್ತಿ ಹಣ ಮರಳಿ ಪಡೆಯುವ ಹಕ್ಕು ಡಿಜಿಸಿಎ ನಿಯಮಗಳಲ್ಲಿದೆ. ಇಡೀ ಸಂಸ್ಥೆಯೇ ನಿಂತರೆ ಹಕ್ಕು ಉಳಿದರೂ ಕೊಡುವವರ ಕೈ ಖಾಲಿಯಾಗಿರುತ್ತದೆ. ದಿವಾಳಿ ಪ್ರಕ್ರಿಯೆಗೆ ಹೋದ ಸಂಸ್ಥೆಯಲ್ಲಿ ಬ್ಯಾಂಕುಗಳು ಮುಂದಿನ ಸಾಲಿನಲ್ಲಿದ್ದು, ಪ್ರಯಾಣಿಕರು ಹಿಂದೆ ನಿಲ್ಲಬೇಕಾಗುತ್ತದೆ. 2019ರ ಏಪ್ರಿಲ್‌ನಲ್ಲಿ ನಿಂತ ಜೆಟ್ ಏರ್‌ವೇಸ್‌ನ ಪ್ರಕರಣದಲ್ಲಿ ಸಂಸ್ಥೆಯನ್ನು ಮುಚ್ಚಿ ಆಸ್ತಿ ಮಾರುವ ಆದೇಶ ಸುಪ್ರೀಂ ಕೋರ್ಟಿನಿಂದ ಬಂದದ್ದು 2024ರ ನವೆಂಬರ್‌ನಲ್ಲಿ.

ಕ್ರೆಡಿಟ್ ಕಾರ್ಡಿನಲ್ಲಿ ಟಿಕೆಟ್ ಪಡೆದವರು ಸೇವೆ ಸಿಗಲಿಲ್ಲವೆಂದು ತಮ್ಮ ಬ್ಯಾಂಕಿಗೆ ಕೂಡಲೇ ತಕರಾರು ಸಲ್ಲಿಸಬಹುದು. ಇದಕ್ಕೆ ಬ್ಯಾಂಕುಗಳು ಕಾಲಮಿತಿ ಹಾಕುವುದರಿಂದ ತಡಮಾಡಬಾರದು. ಏಜೆಂಟರ ಮೂಲಕ ಕೊಂಡವರು ಅವರಿಂದ ರಸೀದಿಯನ್ನು ತೆಗೆದಿಟ್ಟುಕೊಳ್ಳಬೇಕು. ಸಂಸ್ಥೆ ಇನ್ನೂ ನಡೆಯುತ್ತಿದ್ದು ಹಣ ಕೊಡಲು ಸತಾಯಿಸುತ್ತಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗಬಹುದು, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಅರ್ಜಿ ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ.